ಬೈದದ್ದು ನನ್ನನ್ನು, ಓಡಿದ್ದು ಪಾರ್ಟ್‌ನರು

ಬೇರೆಯವರನ್ನು ಬೈಯುವುದಕ್ಕೆ ಧೈರ್ಯ ಬೇಕು, ಅದು ನನ್ನಲ್ಲಿಲ್ಲ. ಹೋಟೆಲಿನ ಸಾಂಬಾರಿನಲ್ಲಿ ಕೂದಲು ಸಿಕ್ಕರೆ ಮೆಲ್ಲಗೆ ತಟ್ಟೆಯ ಅಂಚಿಗಿಟ್ಟು ಉಳಿದದ್ದನ್ನು ತಿಂದು ಬರುವವನು ನಾನು. ಆದರೆ ನನ್ನನ್ನು ನಾನೇ ಬೈದುಕೊಳ್ಳುವ ವಿಷಯಕ್ಕೆ ಬಂದರೆ ಬನಶಂಕರಿಯಿಂದ ಜೆಪಿ ನಗರದವರೆಗೆ ನನ್ನ ಸಮ ಯಾರೂ ಇಲ್ಲ. ಹಾಲು ಉಕ್ಕಿದರೆ "ಏ ಶನಿ, ಕಣ್ಣು ಎಲ್ಲಿಟ್ಟಿದ್ದೆ?" ಬೀಗದ ಕೈ ಒಳಗೇ ಬಿಟ್ಟು ಬಾಗಿಲೆಳೆದುಕೊಂಡರೆ "ತಲೇಲಿ ಇರೋದು ಮಿದುಳೋ ಸಗಣಿಯೋ?" ಇದೆಲ್ಲ ಮನಸ್ಸಿನಲ್ಲಲ್ಲ, ಬಾಯಿಬಿಟ್ಟು, ಗಟ್ಟಿಯಾಗಿ. ಅಮ್ಮ ಇದ್ದಾಗ ಈ ಖಾತೆ ಅವಳದಾಗಿತ್ತು. ಮೂರು ವರ್ಷದ ಹಿಂದೆ ಅವಳು ಹೋದಳು. ಮದುವೆಯಾಗದ ಐವತ್ತಾರರ ಗಂಡಸನ್ನು ಬೈಯುವುದಕ್ಕೆ ಯಾರಿಗೆ ಪುರುಸೊತ್ತಿದೆ ಹೇಳಿ? ಆ ಕೆಲಸವೂ ನನ್ನ ತಲೆಗೇ ಬಿತ್ತು. ನಿಜ ಹೇಳಬೇಕೆಂದರೆ, ಮನೆಯಲ್ಲಿ ಒಂದು ದನಿಯಾದರೂ ಕೇಳಲಿ ಅನ್ನುವುದೂ ಇತ್ತು.

ಮನೆಯೊಳಗಿದ್ದಷ್ಟು ದಿನ ಇದರಿಂದ ಯಾರಿಗೂ ತೊಂದರೆಯಿರಲಿಲ್ಲ. ತೊಂದರೆ ಶುರುವಾದದ್ದು ನಾನು ಷಟಲ್ ಆಡಲು ಹೋದ ಮೇಲೆ. ಸಾರಕ್ಕಿಯಲ್ಲಿ ಮುನಿರಾಜಣ್ಣ ಅಂತ ಒಬ್ಬರಿದ್ದಾರೆ. ಅವರಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಇವರು ತಗಡಿನ ಶೆಡ್ ಎಬ್ಬಿಸಿ ಎರಡು ಕೋರ್ಟ್ ಹಾಕಿದ್ದಾರೆ. ಬೆಳಗ್ಗೆ ಆರಕ್ಕೆ ನಮ್ಮಂಥ ಹೊಟ್ಟೆ ಬಂದವರ ಬ್ಯಾಚು. ಅಲ್ಲೊಂದು ಪದ್ಧತಿ: ಬಂದವರೆಲ್ಲ ಬ್ಯಾಟನ್ನು ನೆಟ್ಟಿನ ಕೆಳಗೆ ರಾಶಿ ಹಾಕಬೇಕು. ಮುನಿರಾಜಣ್ಣ ಕಣ್ಣು ಮುಚ್ಚಿಕೊಂಡು ಎರಡೆರಡೇ ಎತ್ತಿ ಆ ಕಡೆ ಈ ಕಡೆ ಎಸೆಯುತ್ತಾರೆ. ಯಾವ ಎರಡು ಒಟ್ಟಿಗೆ ಬಿದ್ದವೋ ಆ ಇಬ್ಬರು ಅವತ್ತಿನ ಪಾರ್ಟ್‌ನರ್‌ಗಳು. ಮದುವೆ ವಿಷಯದಲ್ಲೂ ಇಂಥದ್ದೊಂದು ವ್ಯವಸ್ಥೆ ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ಸ್ವಲ್ಪ ದಿನದಲ್ಲಿ ಒಂದು ವಿಚಿತ್ರ ಗಮನಕ್ಕೆ ಬಂತು. ನನ್ನ ಬ್ಯಾಟಿನ ಜೊತೆ ಯಾರ ಬ್ಯಾಟು ಬಿದ್ದರೂ ಅವರಿಗೆ ತಕ್ಷಣ ಮಂಡಿನೋವು. ಒಬ್ಬರಿಗಂತೂ ಆಫೀಸಿನಿಂದ ಅರ್ಜೆಂಟ್ ಫೋನು ಬಂತು. ಅವರು ರಿಟೈರಾಗಿ ನಾಲ್ಕು ವರ್ಷವಾಗಿತ್ತು. ನಾನು ಬೆಂಚಿನ ಮೇಲೆ ಕೂತು ಬೇರೆಯವರ ಆಟ ನೋಡಿ, ಬೆವರದ ಬನಿಯನ್ನಿನಲ್ಲೇ ಮನೆಗೆ ಹೋಗುವುದು ಮಾಮೂಲಾಯಿತು. ಕೊನೆಗೆ ಮುನಿರಾಜಣ್ಣನೇ ಬಾಯಿಬಿಟ್ಟರು.

"ಬೇಜಾರ್ ಮಾಡ್ಕೋಬೇಡಿ ಸಾರ್. ನೀವು ಆಡ್ತಾ ಬೈತೀರಲ್ಲ, ಅದಕ್ಕೇ ಯಾರೂ ಬರಲ್ಲ."

"ನಾನು ಬೈಯೋದು ನನ್ನನ್ನೇ ಅಲ್ವೇನ್ರೀ!"

"ಅದು ನಿಮಗೆ ಗೊತ್ತು. ಪಕ್ಕದಲ್ಲಿ ನಿಂತೋರಿಗೆ 'ಏ ಕತ್ತೆ, ಅಷ್ಟೂ ಎಟುಕಲ್ವಾ' ಅಂತ ಕೇಳಿದ್ರೆ ಅವ್ರು ಏನ್ ಅನ್ಕೋಬೇಕು? ಡಾಕ್ಟರ್ ಸಾಹೇಬ್ರು ಹೋದ್ ವಾರ ಕಣ್ಣಲ್ಲಿ ನೀರ್ ಹಾಕ್ಕೊಂಡ್ರು."

ನೆಲ ಬಾಯಿಬಿಡಬಾರದೇ ಅನ್ನಿಸಿತು. ಅದಕ್ಕೆ ಸರಿಯಾಗಿ ಆಯುಧಪೂಜೆ ಹತ್ತಿರ ಬಂದಿತ್ತು. ಅವತ್ತು ಬ್ಯಾಟುಗಳಿಗೆ ಕುಂಕುಮ ಹಚ್ಚಿ, ಬೂದುಗುಂಬಳಕಾಯಿ ಒಡೆದು, ಕೋರ್ಟಿನಲ್ಲಿ ಟೂರ್ನಮೆಂಟ್ ನಡೆಯುತ್ತದೆ. ಅದಕ್ಕೆ ಮಾತ್ರ ಪಾರ್ಟ್‌ನರನ್ನು ನಾವೇ ಆರಿಸಿಕೊಂಡು ಗೋಡೆಯ ಬಿಳಿ ಬೋರ್ಡಿನಲ್ಲಿ ಜೋಡಿ ಹೆಸರು ಬರೆಯಬೇಕು. ನಾನು 'ವಿಶ್ವನಾಥ' ಅಂತ ಬರೆದು, ಒಂದು ಗೆರೆ ಎಳೆದು, ಮುಂದೆ ಜಾಗ ಬಿಟ್ಟೆ. ಒಂದು ವಾರವಾದರೂ ಆ ಜಾಗ ಹಾಗೇ ಇತ್ತು. ದಿನಾ ಬೆಳಗ್ಗೆ ಎಲ್ಲರಿಗೂ ಕಾಣುವ ಹಾಗೆ ಒಂಟಿಯಾಗಿರುವುದು ಎಷ್ಟು ನಾಚಿಕೆಯ ಕೆಲಸ ಅಂತ ಆಗಲೇ ಗೊತ್ತಾದದ್ದು. ಮನೆಯಲ್ಲಾದರೆ ಬಾಗಿಲು ಹಾಕಿಕೊಂಡು ಇರಬಹುದು.

ಸಂಜೆ ಮಕ್ಕಳಿಗೆ ಕೋಚಿಂಗ್ ಕೊಡುವ ಸುಷ್ಮಾ ಅನ್ನುವ ಹುಡುಗಿಯ ಹತ್ತಿರ ಸಂಕೋಚ ಬಿಟ್ಟು ಕಷ್ಟ ಹೇಳಿಕೊಂಡೆ. ಅವಳು ನಗಲಿಲ್ಲ. "ಅಂಕಲ್, ದೊಡ್ಡ ದೊಡ್ಡ ಪ್ಲೇಯರ್‌ಗಳಿಗೂ ತಲೇಲಿ ಇದೇ ಗಲಾಟೆ. ಅವರು ತಮ್ಮ ಯೋಚನೆಗಳ ಮೇಲೆ ಒಂದು ಕಣ್ಣಿಟ್ಟಿರ್ತಾರೆ, ಅಷ್ಟೇ ವ್ಯತ್ಯಾಸ" ಅಂದಳು. ಪಾಯಿಂಟ್ ಹೋದ ತಕ್ಷಣ ಕೋರ್ಟಿಗೆ ಬೆನ್ನು ಹಾಕಿ ಗೋಡೆ ನೋಡಬೇಕಂತೆ, ಉದ್ದಕ್ಕೆ ಉಸಿರು ಬಿಡಬೇಕಂತೆ, ಆಮೇಲೆ ತಿರುಗಬೇಕಂತೆ. ಆಟ ಮುಗಿದ ಮೇಲೆ ಯಾವಾಗ ಏನು ಯೋಚನೆ ಬಂತು, ಏನು ಭಾವನೆ ಬಂತು ಅಂತ ಪುಸ್ತಕದಲ್ಲಿ ಬರೆಯಬೇಕು. ಕೊನೆಗೆ ಕೇಳಿದಳು, "ನಿಮ್ಮ ಪಾರ್ಟ್‌ನರ್ ತಪ್ಪು ಮಾಡಿದ್ರೆ ಏನಂತೀರಾ?"

"ಪರವಾಗಿಲ್ಲ ಬಿಡಿ, ಅಂತೀನಿ."

"ಅದನ್ನೇ ನಿಮಗೂ ಹೇಳ್ಕೊಳ್ಳಿ."

ಕೇಳುವುದಕ್ಕೆ ಸುಲಭ. ಐವತ್ತಾರು ವರ್ಷದಲ್ಲಿ ನನಗೆ ನಾನು ಒಮ್ಮೆಯೂ ಆ ಮಾತು ಹೇಳಿಕೊಂಡಿರಲಿಲ್ಲ. ಮನೆಗೆ ಬಂದು ಕನ್ನಡಿ ಮುಂದೆ ನಿಂತು "ಪರವಾಗಿಲ್ಲ ಬಿಡಿ" ಅಂದೆ. ಕನ್ನಡಿಯೊಳಗಿನವನು ನಂಬಲಿಲ್ಲ. ಪುಸ್ತಕವನ್ನಂತೂ ಶ್ರದ್ಧೆಯಿಂದ ಬರೆದೆ, ವಿಮೆ ಕಂಪನಿಯಲ್ಲಿ ಮೂವತ್ತು ವರ್ಷ ಫಾರಂ ತುಂಬಿಸಿದ ಕೈಯಲ್ಲವೇ? ಆಡುವಾಗ ಬರುವ ಯೋಚನೆಗಳೆಂದರೆ ಆಟದ ಬಗ್ಗೆ ಇರುತ್ತವೆ ಅಂದುಕೊಂಡಿದ್ದೆ. ಬರೆದು ನೋಡಿದರೆ, "ಸರ್ವಿಸ್ ಮಾಡುವಾಗ: ನಿನ್ನೆಯ ಸಾರು ಫ್ರಿಜ್ಜಿನಲ್ಲಿಡಲಿಲ್ಲ." "ಸ್ಮ್ಯಾಷ್ ಹೊಡೆಯುವಾಗ: ಭಾನುವಾರ ಏನು ಮಾಡುವುದು?" ಎರಡನೆಯದು ಏಳು ಸಲ ಬಂದಿತ್ತು. ಭಾವನೆಯ ಜಾಗದಲ್ಲಿ ಏನು ಬರೆಯಬೇಕೋ ತಿಳಿಯದೆ ಎಲ್ಲ ಕಡೆ 'ಸಾಧಾರಣ' ಅಂತ ತುಂಬಿಸಿದ್ದೆ. ಸುಷ್ಮಾ ನೋಡಿ, "ಇದು ಭಾವನೆ ಅಲ್ಲ ಅಂಕಲ್, ಆರೋಗ್ಯ ವಿಚಾರಿಸಿದ್ರೆ ಹೇಳೋ ಉತ್ತರ" ಅಂದಳು. ಅದನ್ನು ಹೊಡೆದುಹಾಕಿ 'ಬೇಸರ' ಅಂತ ಬರೆದೆ. ಮಾರನೆಯ ದಿನ ಅದನ್ನೂ ಹೊಡೆದು 'ಒಂಟಿ' ಅಂತ ಬರೆದೆ. ಬರೆದು ಪುಸ್ತಕ ಮುಚ್ಚಿಟ್ಟೆ.

ಆ ವಾರ ಹೊಸಬರೊಬ್ಬರು ಬಂದರು. ಪದ್ಮನಾಭ ಅಂತ, ಗಿರಿನಗರದಿಂದ ಸ್ಕೂಟರಿನಲ್ಲಿ ಬರುತ್ತಿದ್ದರು. ನನ್ನ ಕೀರ್ತಿ ಇನ್ನೂ ಅವರ ಕಿವಿಗೆ ಬಿದ್ದಿರಲಿಲ್ಲ. ಬ್ಯಾಟುಗಳು ಒಟ್ಟಿಗೆ ಬಿದ್ದವು, ಅವರಿಗೆ ಮಂಡಿನೋವು ಬರಲಿಲ್ಲ. ಮೊದಲ ಪಾಯಿಂಟನ್ನೇ ನಾನು ನೆಟ್ಟಿಗೆ ಹೊಡೆದೆ. ಬಾಯಿಗೆ ಬಂದ ಕತ್ತೆಯನ್ನು ನುಂಗಿಕೊಂಡು, ಬೆನ್ನು ಹಾಕಿ ಗೋಡೆಯತ್ತ ತಿರುಗಿದೆ. ಎರಡನೆಯದಕ್ಕೂ ಹಾಗೇ. ಮೂರನೆಯದಕ್ಕೆ ತಿರುಗಿದರೆ ಪಕ್ಕದಲ್ಲಿ ಪದ್ಮನಾಭರೂ ನಿಂತು ಗೋಡೆ ನೋಡುತ್ತಿದ್ದಾರೆ!

"ಏನಿದೆ ಸಾರ್ ಅಲ್ಲಿ? ಹಲ್ಲೀನಾ?"

"ಏನಿಲ್ಲ. ಕೋಪ ಇಳಿಸ್ಕೋತಿದೀನಿ."

"ಹೌದಾ? ಹಂಗಾದ್ರೆ ತಡೀರಿ, ನಂದೂ ಒಂದಷ್ಟಿದೆ, ಇಳಿಸ್ಕೋತೀನಿ" ಅಂದು ಅವರೂ ಉಸಿರು ಬಿಟ್ಟರು. ಎದುರಿನವರು "ಗುರುಗಳೇ, ಆಡ್ತೀರೋ ಧ್ಯಾನ ಮಾಡ್ತೀರೋ?" ಅಂತ ರೇಗಿಸಿದರು. ಆಟ ಸೋತೆವು. ಹೋಗುವಾಗ ಪದ್ಮನಾಭ ಬೋರ್ಡಿನ ಹತ್ತಿರ ನಿಂತು, "ಇಲ್ಲಿ ಖಾಲಿ ಇದೆಯಲ್ಲ" ಅಂತ ತಮ್ಮ ಹೆಸರು ಬರೆದುಬಿಟ್ಟರು. ಎಷ್ಟು ಸುಲಭ ನೋಡಿ.

ಟೂರ್ನಮೆಂಟಿನಲ್ಲಿ ಮೊದಲ ಸುತ್ತಿಗೇ ಒಂಬತ್ತು ಪಾಯಿಂಟಿಗೆ ನಮ್ಮನ್ನು ತೊಳೆದು ಬಿಸಾಕಿದರು. ನಾನು ಒಂದು ಸಲವೂ ಬೈದುಕೊಳ್ಳಲಿಲ್ಲ. ಸೋಲಿಗೆ ನಾನು ಪೂರ್ತಿ ತಯಾರಾಗಿದ್ದೆ. ತಯಾರಾಗಿಲ್ಲದಿದ್ದದ್ದು ಆಮೇಲೆ ನಡೆದದ್ದಕ್ಕೆ. ಪೂಜೆಯ ಪ್ರಸಾದದ ಚರ್ಪು ತಿನ್ನುತ್ತಾ ಪದ್ಮನಾಭ ಕೇಳಿದರು, "ನಾಳೆ ಬರ್ತೀರಾ ಸಾರ್?"

ನಾಳೆ ಬರುತ್ತೀಯಾ ಅಂತ ನನ್ನನ್ನು ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತೋ! ಭಾವನೆ ಹತೋಟಿಯಲ್ಲಿರಬೇಕಲ್ಲ, ಉಸಿರು ಬಿಟ್ಟು, ಗೋಡೆ ನೋಡಿ, "ನೋಡೋಣ, ಸ್ವಲ್ಪ ಕೆಲಸ ಇದೆ" ಅಂದೆ. ಯಾವ ಕೆಲಸ? ಇಡ್ಲಿ ಹಿಟ್ಟು ತರುವುದೊಂದು ಬಿಟ್ಟರೆ ನನಗೆ ಇನ್ನೇನಿತ್ತು?

ಮರುದಿನ ನಾಲ್ಕೂವರೆಗೇ ಎಚ್ಚರವಾಯಿತು. ಐದೂವರೆಗೆ ಬೂಟು ಕಟ್ಟಿಕೊಂಡು ಸಿದ್ಧನಾದೆ. ಆದರೆ ಮೊದಲೇ ಹೋಗಿ ಕಾಯುತ್ತಾ ನಿಂತರೆ ಬೇರೆ ಗತಿಯಿಲ್ಲದವನು ಅಂದುಕೊಂಡಾರು ಅಂತ ಕುರ್ಚಿಯಲ್ಲಿ ಕೂತು, ಸುಷ್ಮಾ ಹೇಳಿದ ಪ್ರಕಾರ ಇಪ್ಪತ್ತು ನಿಮಿಷ ಉಸಿರಾಟ ಮಾಡಿ, ಬೇಕೆಂದೇ ತಡಮಾಡಿ ಹೊರಟೆ. ಹೋದರೆ ಗೇಟಿಗೆ ಬೀಗ. ಮುನಿರಾಜಣ್ಣ ಪಕ್ಕದ ತಮ್ಮ ಮನೆಯಿಂದ ಬಾಯಲ್ಲಿ ಬ್ರಶ್ಶು ಇಟ್ಟುಕೊಂಡೇ ಹೊರಬಂದರು.

"ಏನ್ ಸಾರ್ ನೀವೂ? ಇವತ್ತು ವಿಜಯದಶಮಿ, ರಜಾ. ಬೋರ್ಡಲ್ಲೇ ಬರ್ದಿದ್ನಲ್ಲ! ಪದ್ಮನಾಭ ಸಾರೂ ಬಂದಿದ್ರು. 'ವಿಶ್ವನಾಥ್ ಬರ್ಬೋದು, ನೋಡೋಣ ಅಂದಿದ್ರು' ಅಂತ ಕಾಲು ಗಂಟೆ ಇಲ್ಲೇ ನಿಂತಿದ್ರು. ಈಗ್ತಾನೆ ಹೋದ್ರು."

ಬೈದುಕೊಳ್ಳಬೇಕು ಅಂದರೆ ಒಂದು ಬೈಗುಳವೂ ಬಾಯಿಗೆ ಬರಲಿಲ್ಲ. ಗಾಡಿ ತಿರುಗಿಸಿ ಗಿರಿನಗರಕ್ಕೆ ಹೋದೆ. ಬೆನ್ನಿಗೆ ಬ್ಯಾಟು ನೇತುಹಾಕಿಕೊಂಡು, ಒಂದೊಂದೇ ಅಡ್ಡರಸ್ತೆಯಲ್ಲಿ, ಗೇಟುಗಳ ಒಳಗೆ ಅವರ ಸ್ಕೂಟರ್ ನಿಂತಿದೆಯೇ ಅಂತ ಇಣುಕುತ್ತಾ ಮುಕ್ಕಾಲು ಗಂಟೆ ಸುತ್ತಿದೆ. ರಂಗೋಲಿ ಹಾಕುತ್ತಿದ್ದ ಒಬ್ಬ ಅಜ್ಜಿ "ಯಾರು ಬೇಕಪ್ಪಾ?" ಅಂತ ಎರಡು ಸಲ ಕೇಳಿದರು. ಪದ್ಮನಾಭರ ಫೋನ್ ನಂಬರು ಮುನಿರಾಜಣ್ಣನ ಹತ್ತಿರ ಇತ್ತು, ಕೇಳಿದ್ದರೆ ಕೊಡುತ್ತಿದ್ದರು. ಆದರೆ ಅಷ್ಟೊಂದು ಆತುರ ತೋರಿಸಿದರೆ ಚೆನ್ನಾಗಿರುತ್ತದೆಯೇ?