ಓಪನ್ ಎಂದರೆ ಬಂದ್

ಒಂದು ಶಬ್ದದ ಮೇಲೆ ಮನುಷ್ಯನಿಗೆ ಇಷ್ಟು ಸಿಟ್ಟು ಬರಬಹುದೆಂದು ನನಗೆ ಗೊತ್ತಿರಲಿಲ್ಲ. ‘ಓಪನ್’ ಎಂಬುದೇ ಆ ಶಬ್ದ. ಅಂಗಡಿ ಓಪನ್ ಎಂದರೆ ಒಳಗೆ ಹೋಗಬಹುದು. ಸ್ವಿಚ್ ಓಪನ್ ಎಂದರೆ, ಕರೆಂಟಿನವರ ಭಾಷೆಯಲ್ಲಿ, ಲೈನ್ ಕಡಿದಿದೆ, ಧೈರ್ಯವಾಗಿ ಕೈ ಹಾಕಬಹುದು. ನಮ್ಮ ಆಫೀಸಿನ ಸಾಫ್ಟ್‌ವೇರಿನಲ್ಲಿ ಓಪನ್ ಎಂದರೆ ಕೆಲಸ ಇನ್ನೂ ಮುಗಿದಿಲ್ಲ ಎಂದು. ಮೂರಕ್ಕೂ ಒಂದೇ ಶಬ್ದ ಸಾಕು ಎಂದ ಪುಣ್ಯಾತ್ಮ ಯಾರೋ, ಅವನನ್ನೊಮ್ಮೆ ಭದ್ರಾವತಿಗೆ ಕರೆತರಬೇಕು.

ಗಾಂಧಿ ಬಜಾರಿನಲ್ಲಿ ಮೋಟಾರ್, ಸ್ವಿಚ್‌ಬೋರ್ಡ್ ರಿಪೇರಿ ಮಾಡುವ ನಮ್ಮ ಸಂಸ್ಥೆಗೆ ಗಿರಾಕಿಗಳ ದೂರು ನೋಡಿಕೊಳ್ಳುವ ಸಾಫ್ಟ್‌ವೇರ್ ಬಂದಿತ್ತು. ದೂರು ಬರೆದುಕೊಂಡ ಕೂಡಲೇ ಅದು ತಾನಾಗಿಯೇ ಮೆಕ್ಯಾನಿಕ್‌ಗೆ ಮೇಲ್ ಕಳಿಸುತ್ತದೆ. ‘ಡಿಯರ್ ಯೂಸರ್, ನಿಮಗೊಂದು ಟಾಸ್ಕ್ ವಹಿಸಲಾಗಿದೆ.’ ಅಷ್ಟೇ. ಎಲ್ಲಿಗೆ ಹೋಗಬೇಕು, ಕೆಟ್ಟಿರುವುದು ಏನು, ಒಂದೂ ಇಲ್ಲ. ಮೆಕ್ಯಾನಿಕ್ ಹಾಲೇಶಿ ಅದರ ಪ್ರಿಂಟ್ ಹಿಡಿದು ಬಂದು, “ಲಗ್ನಪತ್ರಿಕೇಲಾದ್ರೂ ಹೆಣ್ಣಿನ ಹೆಸರಿರುತ್ತೆ ಸಾರ್” ಎಂದ. ಬಿ.ಎಸ್ಸಿ. ಓದಿದವನೆಂದು ಯಜಮಾನರು ಮೇಲನ್ನು ತಿದ್ದುವ ಕೆಲಸ ನನಗೆ ಕೊಟ್ಟರು. ನಾನು ಡಿಯರನ್ನೂ ಯೂಸರನ್ನೂ ಕಿತ್ತುಹಾಕಿ ಎಲ್ಲವನ್ನೂ ಒಂದೇ ಸಾಲಿಗೆ ಇಳಿಸಿದೆ: ಊರು, ಗಿರಾಕಿ, ಕೆಟ್ಟ ವಸ್ತು, ಸ್ಟೇಟಸ್. ನೋಡಲು ಚೆನ್ನಾಗಿಯೇ ಇತ್ತು.

ಹೀಗೆ ಹೊರಟ ಮೊದಲ ಮೇಲ್: ‘ಜನ್ನಾಪುರ, ಹಿಟ್ಟಿನ ಗಿರಣಿ, ಮೇನ್ ಸ್ವಿಚ್, ಓಪನ್.’ ನನ್ನ ಕೃತಿಯ ಪ್ರತಾಪ ನೋಡಲು ಹಾಲೇಶಿಯ ಬೈಕಿನ ಹಿಂದೆ ನಾನೂ ಕೂತು ಹೋದೆ. ಅವನು ಪ್ರಿಂಟನ್ನು ಇನ್ನೊಮ್ಮೆ ಓದಿ, ಸ್ವಿಚ್ಚಿನ ಪೆಟ್ಟಿಗೆ ಬಿಚ್ಚಿ, ಸ್ಕ್ರೂಡ್ರೈವರ್ ಒಳಗಿಟ್ಟ. ಪಟಾರ್ ಎಂದು ನೀಲಿ ಬೆಳಕು. ನಾನು ಕಣ್ಣು ಬಿಟ್ಟಾಗ ಹಾಲೇಶಿ ರಾಗಿ ಮೂಟೆಗಳ ಮೇಲೆ ಅಂಗಾತ ಬಿದ್ದಿದ್ದ. “ಲೈನ್ ಇದೆ ಅನ್ನೋಕೆ ಬಾಯಿ ತೆಗೆದೆ, ಅಷ್ಟ್ರಲ್ಲಿ ಕೈ ಹಾಕ್ಬಿಟ್ನಲ್ಲ ಮಾರಾಯ” ಎಂದಳು ಗಿರಣಿಯ ಮುನಿಯಮ್ಮ. ಸ್ವಲ್ಪ ಹೊತ್ತಿಗೆ ಅವನ ಬೆರಳು ಅಲ್ಲಾಡಿತು. ಇವತ್ತಿಗೂ ಮನೆಯಲ್ಲಿ ಮಿಕ್ಸಿ ಹಾಕಿದರೆ ನನಗೆ ಆ ನೀಲಿ ಬೆಳಕೇ ಕಾಣುತ್ತದೆ.

ಮರುದಿನ ಸಾಫ್ಟ್‌ವೇರಿನವರಿಗೆ ಫೋನ್ ಮಾಡಿ ಹಾರಾಡಿದೆ. ಒಂದು ಜೀವ ಹೋಗುತ್ತಿತ್ತು, ಆ ಶಬ್ದ ಬದಲಾಯಿಸಿ ಎಂದೆ. ಆ ಕಡೆಯ ಹುಡುಗಿ ಬಹಳ ವಿನಯದಿಂದ, “ಅದು ಬದಲಾಯ್ಸೋಕೆ ಬರಲ್ಲ ಸಾರ್. ನಿಮ್ಮ ಕಂಪ್ಲೇಂಟ್ ಬರ್ಕೊಂಡಿದೀನಿ. ಅದೀಗ ಓಪನ್ ಇದೆ” ಎಂದಳು.

ಸ್ಟೇಟಸ್ಸನ್ನೇ ಮೇಲ್‌ನಿಂದ ಕಿತ್ತೆಸೆದು, ಉಳಿದ ಸಿಟ್ಟನ್ನು ಕೈಗೆ ಬಟ್ಟೆ ಸುತ್ತಿಕೊಂಡು ಬಂದ ಹಾಲೇಶಿಯ ಮೇಲೆ ತಿರುಗಿಸಿದೆ. “ಟೆಸ್ಟರ್ ಹಾಕಿ ನೋಡೋಕೆ ಏನಾಗಿತ್ತೋ ನಿಂಗೆ?”

“ಯಾವಾಗ್ಲೂ ನೋಡ್ತೀನಿ ಸಾರ್. ಈ ಸಲ ಓದಿದೋರು ಬರ್ದಿದಾರಲ್ಲ, ಫೋನ್ ಮಾಡಿ ಲೈನ್ ತೆಗೆಸಿರ್ತಾರೆ ಅಂದ್ಕೊಂಡೆ.”

ಈಗ ನನ್ನ ಮೇಲ್ ಹೋದಲ್ಲೆಲ್ಲ ಅವನು ಎರಡೆರಡು ಸಲ ಟೆಸ್ಟರ್ ಹಾಕುತ್ತಾನಂತೆ. ಒಳ್ಳೆಯದೇ. ಆದರೆ ಮೊನ್ನೆ ನಾನು ಕಾಫಿ ಕೊಟ್ಟು, “ಆರಿದೆ, ಕುಡಿಯೋ” ಎಂದರೂ ಲೋಟವನ್ನು ಮೊದಲು ಬೆರಳ ತುದಿಯಲ್ಲಿ ಮುಟ್ಟಿ ನೋಡಿದ.