ಜಪಾನಿ ಹಾಡಿನ ಕಡಕ್ ರೊಟ್ಟಿ

ನಮ್ಮ ಸೋದರತ್ತೆಗೆ ಜಪಾನಿ ಭಾಷೆ ಬರುತ್ತದೆ ಎಂದರೆ ನೀವು ನಂಬುವುದಿಲ್ಲ. ನಂಬಲೂ ಬೇಡಿ, ಬರುವುದಿಲ್ಲ. ಆದರೆ ಆ ಮಾತನ್ನು ಅವಳೆದುರು ಆಡುವ ಧೈರ್ಯ ಜೇವರ್ಗಿಯಲ್ಲಿ ಯಾರಿಗಿದೆ?

ನಮ್ಮಪ್ಪನಿಗೆ ಇವಳೊಬ್ಬಳೇ ತಂಗಿ. ಆಳಂದದಲ್ಲಿ ಹುಟ್ಟಿ, ಜೇವರ್ಗಿಗೆ ಸೊಸೆಯಾಗಿ ಬಂದವಳು, ಇವೆರಡರ ಆಚೆ ಹೆಚ್ಚೆಂದರೆ ಸೊನ್ನದ ಬ್ಯಾರೇಜು ನೋಡಿದ್ದಾಳೆ. ಜಪಾನು ಎಲ್ಲಿದೆ ಎಂದು ಕೇಳಿದರೆ, "ಸೊನ್ನ ದಾಟಿ ಭಾಳ ದೂರ ಐತಪಾ" ಎನ್ನುತ್ತಾಳೆ. ಸುಳ್ಳು ಎನ್ನುವಂತಿಲ್ಲ!

ಕಸುಬು ಕಡಕ್ ರೊಟ್ಟಿ. ಬೆಳಗಾಗುವುದರೊಳಗೆ ಊರಿನ ಖಾನಾವಳಿಗಳಿಗೆ ರೊಟ್ಟಿ ಮುಟ್ಟಬೇಕು. ನಮ್ಮ ಕಡೆಯ ಬಿಸಿಲಿನಲ್ಲಿ ಹಗಲು ಹಂಚಿನ ಮುಂದೆ ಕೂತರೆ ರೊಟ್ಟಿಗಿಂತ ಮೊದಲು ಬಡಿಯುವವರೇ ಕಡಕ್ ಆಗುತ್ತಾರೆ. ಹಾಗಾಗಿ ಅತ್ತೆಯ ಹಗಲು ಶುರುವಾಗುವುದು ರಾತ್ರಿ ಹತ್ತಕ್ಕೆ. ನಾನು ಆಳಂದದಲ್ಲಿ ಮಾಸ್ತರ. ತರಬೇತಿಯೆಂದು ಜೇವರ್ಗಿಗೆ ಹೋದಾಗಲೆಲ್ಲ ನನ್ನ ಮುಕ್ಕಾಂ ಅತ್ತೆಯ ಮನೆಯಲ್ಲೇ. ಒಲೆಯ ಈಚೆ ಗೋಡೆಗೆ ಒರಗಿ, ಹಂಚಿನಿಂದ ಇಳಿದ ಮೊದಲ ರೊಟ್ಟಿಯನ್ನು ನಮ್ಮಲ್ಲಿ ಹಿಂಡಿ ಎನ್ನುವ ಶೇಂಗಾ ಚಟ್ನಿಪುಡಿಯೊಂದಿಗೆ ಮುಗಿಸುವುದು ನನ್ನ ಪಾಲಿನ ಕೆಲಸ.

ಒಲೆಯ ಆಚೆ ಒಂದು ಹೊರಸು. ಅದರ ಮೇಲೆ ಮಾಮಾ, ಅಂದರೆ ಅತ್ತೆಯ ಗಂಡ.

ಮಾಮಾ ಒಂದು ಕಾಲಕ್ಕೆ ಎಂಥ ಭಜನೆಕಾರರು! ಅಫಜಲಪುರದ ಕಡೆಯಿಂದಲೂ ಅವರಿಗೆ ಕರೆ ಬರುತ್ತಿತ್ತು. ಎರಡು ವರ್ಷದ ಹಿಂದೆ ಲಕ್ವಾ ಹೊಡೆಯಿತು. ಕಾಲು ಸುಧಾರಿಸಿತು, ನಾಲಗೆ ಸುಧಾರಿಸಲಿಲ್ಲ. ನೀರು ಬೇಕಾದಾಗ "ಕುದುರಿ" ಎನ್ನುವರು, ಬಾಗಿಲು ಹಾಕೆನ್ನಲು "ಸೋಮವಾರ" ಎನ್ನುವರು. ಆದರೂ ಅಂಜದೆ ಮಠದ ಭಜನೆಗೆ ಹೋಗಿ ವಚನ ಎತ್ತಿದರು. ಮೊದಲ ಸಾಲಿನಲ್ಲೇ ಶಬ್ದಗಳು ಅದಲುಬದಲಾದವು. ನಮ್ಮ ಕಡೆಯ ಭಜನೆಯಲ್ಲಿ ಒಂದು ಪದ್ಧತಿ ಇದೆ. ಹಾಡುವವನು ಶಬ್ದ ತಪ್ಪಿದರೆ ಮೇಳದವರು ಅಲ್ಲೇ ತಿದ್ದಬೇಕು. ಶರಣರ ಮಾತು ಕೆಡಬಾರದಲ್ಲ! "ಹಂಗಲ್ರಿ ಗೌಡ್ರ, ಹಿಂಗ್ರಿ" ಎಂದು ಪ್ರೀತಿಯಿಂದಲೇ ತಿದ್ದಿದರು. ಸಾಲು ಸಾಲಿಗೂ ತಿದ್ದಿದರು. ಮಾಮಾ ಮನೆಗೆ ಬಂದು ಹೊರಸಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದವರು ಮತ್ತೆ ಬಾಯಿ ತೆರೆಯಲಿಲ್ಲ. ಹಾಡಂತೂ ಹೋಗಲಿ, ಕುದುರೆಯೂ ಇಲ್ಲ, ಸೋಮವಾರವೂ ಇಲ್ಲ.

ಅತ್ತೆಯದು ಹಟ. ದಿನಾ ರಾತ್ರಿ ಮೊಬೈಲಿನಲ್ಲಿ ಒಂದು ವಚನ ಹಚ್ಚಿ ಹಿಟ್ಟಿಗೆ ಕೈ ಹಾಕುತ್ತಿದ್ದಳು. ಇವತ್ತಾದರೂ ಒಂದು ಸೊಲ್ಲು ಗುನುಗಿಯಾರು ಎಂಬ ಆಸೆ. ವಚನ ಕೇಳಿಸಿದ್ದೇ ತಡ, ಮಾಮಾ ಕಂಬಳಿ ಎಳೆದು ತಲೆತುಂಬ ಹೊದ್ದುಕೊಳ್ಳುತ್ತಿದ್ದರು.

ಒಂದು ರಾತ್ರಿ ಆದದ್ದು ಇಷ್ಟು. ವಚನ ಮುಗಿಯಿತು. ಅತ್ತೆಯ ಎರಡೂ ಕೈ ಮೊಣಕೈವರೆಗೆ ಹಿಟ್ಟು. ಆ ಕೈಯಲ್ಲಿ ಮೊಬೈಲು ಮುಟ್ಟುವಂತಿಲ್ಲ, ಮುಟ್ಟಿದರೆ ಮೊಬೈಲಿಗೂ ರೊಟ್ಟಿಯ ಗತಿ! ಹಾಡುಗಳು ತಮ್ಮಷ್ಟಕ್ಕೆ ಒಂದರ ಬೆನ್ನಿಗೊಂದು ಬರತೊಡಗಿದವು. ವಚನ ಹೋಗಿ ಅಭಂಗ ಬಂತು, ಅಭಂಗ ಹೋಗಿ ಗಜಲ್ ಬಂತು, ಆಮೇಲೆ ಬರಿಯ ಕೊಳಲು, ಆಮೇಲೆ ಯಾವುದೋ ಸಮುದ್ರದ ಸದ್ದು. ಹತ್ತಕ್ಕೆ ಜೇವರ್ಗಿ ಬಿಟ್ಟ ಮೊಬೈಲು ಹನ್ನೆರಡೂವರೆಗೆ ಜಪಾನು ಮುಟ್ಟಿತ್ತು!

ಒಂದು ಹೆಣ್ಣುದನಿ. ಅವಸರವಿಲ್ಲ, ಅಳುವೂ ಅಲ್ಲ. ನಿದ್ದೆಗೂ ಎಚ್ಚರಕ್ಕೂ ನಡುವಿನ ಹೊಸ್ತಿಲ ಮೇಲೆ ಕೂತು ತನ್ನಷ್ಟಕ್ಕೆ ತಾನು ಹಾಡಿಕೊಳ್ಳುವ ಹಾಗೆ. ಹಿಂದೆ ಮೆತ್ತಗೆ ಗಿಟಾರು. ಹೊರಗೆ ಹೆದ್ದಾರಿಯಲ್ಲಿ ಲಾರಿಯೊಂದು ಭೀಮಾ ಸೇತುವೆಯ ಕಡೆ ಹೋದರೆ, ಅದರ ದೀಪ ಕಿಟಕಿಯಿಂದ ಬಂದು ಗೋಡೆಯ ಮೇಲೆ ಹರಿದು, ರೊಟ್ಟಿಯ ಅಟ್ಟಿ ಸವರಿ ಹೋಗುತ್ತಿತ್ತು. ಅತ್ತೆ ಹೊರಸಿನ ಕಡೆ ನೋಡುತ್ತಾಳೆ, ಕಂಬಳಿ ಮೂಗಿನ ತನಕ ಇಳಿದಿದೆ!

ಅಂದಿನಿಂದ ಅತ್ತೆಯ ಮನೆಯಲ್ಲಿ ಜಪಾನಿನದೇ ರಾಜ್ಯ. ಹಾಡಿನ ಹೆಸರು ಓದಲು ಬಾರದು, ಚಿತ್ರ ನೋಡಿ ತಾನೇ ಹೆಸರಿಟ್ಟಳು. ‘ಕೆಂಪು ಕಾರಿನಾಕಿ’, ‘ಮಳಿ ಕಿಟಕಿ’, ‘ಚಸ್ಮಾದ ಅಣ್ಣ’. ಅಳತೆಯೂ ಅವಳದೇ. ‘ಮಳಿ ಕಿಟಕಿ’ ಮೂರು ರೊಟ್ಟಿಯ ಹಾಡು. ‘ಚಸ್ಮಾದ ಅಣ್ಣ’ ಐದು ರೊಟ್ಟಿಯದು, ಅವನಿಗೆ ಮುಗಿಸುವುದೇ ಗೊತ್ತಿಲ್ಲ.

ಹಾಡು ನಿಧಾನವಾದಷ್ಟೂ ರೊಟ್ಟಿ ತೆಳ್ಳಗಾಗುತ್ತ ಹೋಯಿತು. ಖಾನಾವಳಿಯವನೊಬ್ಬ ತಕರಾರು ಹೊತ್ತು ಬಂದ. "ಅಕ್ಕಾರ, ರೊಟ್ಟಿ ತಾಟಿನ್ಯಾಗ ಇಟ್ರ ತಾಟಿನ ಹೂವು ಕಾಣಸಾಕತ್ತಾವ್ರಿ!"

"ಕಾಣ್ಲಿ ಬಿಡ್ರಿ. ಹೂವು ನೋಡ್ಕೋತ ಉಣ್ತಾರ."

"ಮತ್ತ ಇದೊಂದು ನಡುವ ಹರದೈತಲ್ರಿ?"

"ಅಲ್ಲಿ ಜಾಹೀರಾತು ಬಂದಿತ್ತ್ರಿ. ನಾ ಏನ್ ಮಾಡ್ಲಿ?"

ಅರ್ಥವನ್ನೂ ಅತ್ತೆಯೇ ಹೇಳುತ್ತಿದ್ದಳು. "ಈ ಕೆಂಪು ಕಾರಿನಾಕಿ ಗಂಡ ಮಾತು ಬಿಟ್ಟಾನ. ಬೈದ್ರೂ ಚಿಂತಿಲ್ಲ, ಒಂದು ಮಾತು ಆಡು ಅಂತ ಈಕಿ ಬಾಗಲದಾಗ ಕುಂತು ಹಾಡಾಕತ್ತಾಳ."

ನಾನು ಮಾಸ್ತರ. ತಪ್ಪು ಕಂಡರೆ ಕೈ ತಾನೇ ಕೆಂಪು ಪೆನ್ನಿಗೆ ಹೋಗುತ್ತದೆ. ನನ್ನ ಮೊಬೈಲಿನಲ್ಲಿ ಅನುವಾದ ತೆಗೆದು ತೋರಿಸಿದೆ. "ಅತ್ತಿ, ಹಂಗಿಲ್ಲ ಇದು. ಆಕಿ ಗೆಳತ್ಯಾರ ಜೋಡಿ ಕಾರಿನ್ಯಾಗ ಸಮುದ್ರ ನೋಡಾಕ ಹೊಂಟಾಳ."

"ನಿನ್ನ ಮೊಬೈಲಿಗೆ ಏನ್ ತಿಳೀತದಲೇ ಖೋಡಿ? ಅದಕ್ಕ ಲಗ್ನ ಆಗೇತೇನು?"

‘ಮಳಿ ಕಿಟಕಿ’ಯ ಅರ್ಥ ಕೇಳಿದೆ. ಅಲ್ಲಿಯೂ ಗಂಡ ಮಾತು ಬಿಟ್ಟಿದ್ದ. ‘ಚಸ್ಮಾದ ಅಣ್ಣ’ನದು? ಅವನೇ ಮಾತು ಬಿಟ್ಟು, ಈಗ ಹೇಗೆ ಶುರು ಮಾಡುವುದು ಎಂದು ತಿಳಿಯದೆ ಒದ್ದಾಡುತ್ತಿದ್ದ. ನಾನು ನಕ್ಕೆ. "ಜಪಾನಿನ ಗಂಡಸರೆಲ್ಲ ಮೂಕರೇನ್ ಅತ್ತಿ?"

ಅತ್ತೆಯ ಕೈ ಒಂದು ಕ್ಷಣ ರೊಟ್ಟಿಯ ಮೇಲೆ ನಿಂತಿತು. ಆಮೇಲೆ ಮತ್ತೆ ಬಡಿಯತೊಡಗಿದಳು. ನಾನು ಹೊರಸಿನ ಕಡೆ ನೋಡಿ, ನನ್ನ ಮೊಬೈಲನ್ನು ಜೇಬಿಗೆ ಇಳಿಸಿದೆ.

ಹೋದ ತಿಂಗಳು ಮತ್ತೆ ತರಬೇತಿಗೆ ಹೋಗಿದ್ದೆ. ಅಷ್ಟರಲ್ಲಿ ಕಂಬಳಿ ಎದೆಯ ತನಕ ಇಳಿದಿತ್ತು. ರಾತ್ರಿ ಒಂದರ ಸುಮಾರು, ‘ಮಳಿ ಕಿಟಕಿ’ ನಡೆದಿತ್ತು. ಪಟ್ ಪಟ್ ಎಂಬ ಸದ್ದಿಗೆ ನನಗೆ ಜೊಂಪು. ಆ ಜೊಂಪಿನಲ್ಲಿ ಹಾಡಿನ ಕೆಳಗೆ ಇನ್ನೊಂದು ದನಿ ಕೇಳಿಸಿತು. ಒಡಕು ದನಿ, ಆದರೆ ಶ್ರುತಿಯಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ. ಕಣ್ಣು ಬಿಟ್ಟೆ.

ಮಾಮಾ ಗೋಡೆ ಬಿಟ್ಟು ಒಲೆಯ ಕಡೆ ಹೊರಳಿದ್ದರು. ಹಾಡುತ್ತಿದ್ದರು! ಶಬ್ದಗಳು ಕನ್ನಡವಲ್ಲ, ಜಪಾನಿಯೂ ಅಲ್ಲ. ಎಲ್ಲವೂ ತಪ್ಪು. ಆದರೆ ಆ ಭಾಷೆಯಲ್ಲಿ "ಹಂಗಲ್ರಿ ಗೌಡ್ರ" ಎನ್ನುವವರು ಜೇವರ್ಗಿಯಲ್ಲಿ ಯಾರಿದ್ದಾರೆ?

ಅತ್ತೆ ಆ ಕಡೆ ನೋಡಲಿಲ್ಲ. ನೋಡಿದರೆ ನಿಂತುಬಿಟ್ಟಾರು ಎಂಬ ಅಂಜಿಕೆ. ತಲೆ ತಗ್ಗಿಸಿ, ಒಂದೇ ರೊಟ್ಟಿಯನ್ನು ಬಡಿಯುತ್ತಲೇ ಇದ್ದಳು. ಅದು ಹಿಟ್ಟು ನಾದುವ ಪರಾತದಷ್ಟು ಅಗಲವಾಯಿತು. ಹಂಚಿನ ಮೇಲಿದ್ದ ಇನ್ನೊಂದು ರೊಟ್ಟಿ ಕಮರಿ ಹೊಗೆ ಎದ್ದಿತು. ನಾನು ಕಂಡಂತೆ ಅತ್ತೆ ಎಂದೂ ರೊಟ್ಟಿ ಕಮರಲು ಬಿಟ್ಟವಳಲ್ಲ.

ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಮೊಬೈಲಿನ ಹಾಡು ಅರ್ಧಕ್ಕೇ ನಿಂತಿತು. ನನ್ನ ಕೈ ತಾನೇ ಸರಿಪಡಿಸಲು ಮುಂದೆ ಹೋಯಿತು.

ಹಿಟ್ಟಿನ ಕೈ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು.

"ಮುಟ್ಟಬ್ಯಾಡಲೇ," ಅತ್ತೆಯ ದನಿ ಉಸಿರಿನಷ್ಟು ಸಣ್ಣದು. "ಹಾಡು ನಡದೈತಲ್ಲ."