ಟ್ಯಾಬಿನಲ್ಲಿ ಕೆಂಪಾದ ನಮ್ಮ ಗೌರಿ

ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ತೀರ್ಮಾನಿಸುವ ಅಧಿಕಾರ ಮನುಷ್ಯನ ಕೈಯಲ್ಲಿದೆ ಎಂಬುದನ್ನು ನಾನು ನಂಬುವುದಿಲ್ಲ. ಎಕ್ಸ್‌ಪ್ರೆಸ್ಸಿಗೆ ದಾರಿ ಬಿಟ್ಟು ಬಂಗಾರಪೇಟೆ ಜಂಕ್ಷನ್ನಿನಲ್ಲಿ ನಿಂತ ಪ್ಯಾಸೆಂಜರ್ ರೈಲಿನೊಳಗೆ ಬೆವರಿದ ಯಾರೂ ನಂಬಲಾರರು. ಹಾಗಾಗಿ, ಹಸುಗಳಿಗೆ ಗರ್ಭ ಕಟ್ಟಿಸುವ ಇಂಜೆಕ್ಷನ್ ಕೊಡುವ ನನ್ನ ಕೆಲಸಕ್ಕೆ ಆಫೀಸಿನವರು ಟ್ಯಾಬು ಕೊಟ್ಟಾಗ ಮೊದಲು ಜಗಳ ತೆಗೆದವನು ನಾನೇ. ತುರ್ತಾದದ್ದು ಅದರಲ್ಲಿ ಕೆಂಪು, ಕಾಯಬಹುದಾದದ್ದು ಹಳದಿ, ಮಿಕ್ಕದ್ದು ಹಸಿರು. "ಹಸುವಿನ ತುರ್ತು ಈ ಗಾಜಿಗೇನು ಗೊತ್ತು ಸಾರ್?" ಎಂದೆ. "ಗೊತ್ತಾಗೋ ಹಾಗೆ ನೀನೇ ಒಂದು ನಿಯಮ ಹೇಳಪ್ಪ" ಎಂದರು ಸಾಹೇಬರು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರ, ವಿರೋಧ ಎರಡಕ್ಕೂ ಕಪ್ ಗೆದ್ದವನು ನಾನು. ಒಂದು ಸಲ ಬೆದೆ ತಪ್ಪಿದ ಹಸು ಮುಂದಿನ ಸಲ ಎಲ್ಲಕ್ಕಿಂತ ಮೇಲೆ ಬರಬೇಕು ಎಂದು ವಾದಿಸಿ ಗೆದ್ದೆ. ಗೆದ್ದ ಖುಷಿಗೆ ರಾತ್ರಿ ಮುದ್ದೆ ಮುರಿಯುತ್ತ ಅಮ್ಮನಿಗೂ ವಿವರಿಸಿದೆ. ಅಂದಿನಿಂದ ನಾನು ಟ್ಯಾಬಿನ ವಕೀಲ.

ಬೆಳಿಗ್ಗೆ ಬೆದೆಗೆ ಬಂದ ಹಸುವಿಗೆ ಸಂಜೆಯೊಳಗೆ ಇಂಜೆಕ್ಷನ್ ಆಗಬೇಕು. ತಪ್ಪಿದರೆ ಮತ್ತೆ ಮೂರು ವಾರ ಕಾಯಬೇಕು. ಹೋದ ಸಲ ನಮ್ಮ ಗೌರಿಯನ್ನು ನಾನು 'ಮನೆ' ಎಂದು ಬರೆದು ಹಸಿರಿಗೆ ಹಾಕಿದ್ದೆ. ಊರೆಲ್ಲ ಸುತ್ತಿ ಬರುವಷ್ಟರಲ್ಲಿ ಗೌರಿ ಬೆದೆ ಇಳಿದು ಶಾಂತವಾಗಿ ಮೆಲುಕು ಹಾಕುತ್ತಿದ್ದಳು. ಅಮ್ಮ ಶಾಂತವಾಗಿರಲಿಲ್ಲ.

ಮೊನ್ನೆ ಬೆಳಿಗ್ಗೆ ಗೌರಿ ಮತ್ತೆ ಕೂಗತೊಡಗಿದಳು.

"ಲೇ, ಮದ್ಯಾನದ್ ಮೇಲೆ ಮೊದ್ಲು ನಮ್ಮನೇಗ್ ಬಾರ್ಲಾ. ಓದ್ ಸಲದಂಗೆ ಮಾಡ್ಬ್ಯಾಡ" ಎಂದಳು ಅಮ್ಮ.

"ಟ್ಯಾಬು ಯೋಳ್ದಾಗ ಬತ್ತೀನಮ್ಮ. ಮನೆಯವ್ರನ್ನ ಮುಂದಕ್ ಹಾಕಿದ್ರೆ ಸ್ವಜನಪಕ್ಷಪಾತ ಅಂತಾರೆ."

"ದೊಡ್ ಲೋಟದಾಗೆ ಆಲು ಕುಡ್ಯೋವಾಗ ಇಲ್ದಿರೋ ಪಕ್ಷಪಾತ ಈಗೆಲ್ಲಿಂದ ಬಂತ್ಲಾ?"

ಇದು ವಿಷಯಾಂತರ ಎಂದು ನಾನೇ ತೀರ್ಪು ಕೊಟ್ಟು ಬೈಕು ಹತ್ತಿದೆ.

ಮಧ್ಯಾಹ್ನ ಹಳೇ ಚಿನ್ನದ ಗಣಿಯ ಮೈಸೂರು ಮೈನ್ಸ್ ಕಡೆ ಒಂದು ಹಸು ಮುಗಿಸಿ ಟೀ ಕುಡಿಯುತ್ತಿದ್ದಾಗ ಟ್ಯಾಬು ಕಿರುಚಿತು. ಕೆಂಪು. ಸಹಾಯವಾಣಿಗೆ ಯಾರೋ ಫೋನ್ ಮಾಡಿದ್ದರು. ಹೋದ ಸಲ ಸಿಬ್ಬಂದಿ ಬಾರದೆ ಬೆದೆ ತಪ್ಪಿತೆಂಬ ದೂರು ಬೇರೆ. ಮಾಲೀಕರು: ಮುನಿರತ್ನಮ್ಮ. ಹಸು: ಗೌರಿ. ಮಿಕ್ಕವರನ್ನೆಲ್ಲ ಕೆಳಕ್ಕೆ ತಳ್ಳಿ ಅಮ್ಮ ನಾನೇ ಮಾಡಿಸಿದ್ದ ನಿಯಮದ ನೆತ್ತಿಯ ಮೇಲೆ ಕೂತಿದ್ದಳು.

ಕಾಮಸಮುದ್ರ ದಾಟಿ ಮನೆ ಮುಟ್ಟಿದಾಗ ಹೊತ್ತು ಮೀರಿರಲಿಲ್ಲ. ಬಕೆಟ್ಟಿನಲ್ಲಿ ಬಿಸಿನೀರು, ಹೊಸ ಸೋಪು, ಮಡಿಚಿದ ಟವೆಲ್ಲು ಹಿಡಿದು ಅಮ್ಮ ಕೊಟ್ಟಿಗೆ ಬಾಗಿಲಲ್ಲಿ ನಿಂತಿದ್ದಳು. "ಬನ್ನಿ ಡಾಕ್ಟ್ರೇ, ಬಿಸ್ಲಾಗ್ ಬಂದಿದ್ದೀರ" ಎಂದಳು. ಸ್ವಂತ ಮನೆಯಲ್ಲಿ ನನಗೆ ಬಹುವಚನ ಸಿಕ್ಕಿದ್ದು ಅದೇ ಮೊದಲು.

ಕೆಲಸ ಮುಗಿಯಿತು. ಸೇವೆ ಹೇಗಿತ್ತೆಂದು ಮಾಲೀಕರೇ ನಕ್ಷತ್ರ ಒತ್ತಬೇಕು. ಐದರವರೆಗೂ ಒತ್ತಬಹುದು. ಅಮ್ಮ ಬೆರಳನ್ನು ಸೆರಗಿಗೆ ಒರೆಸಿಕೊಂಡು ಮೂರು ಒತ್ತಿದಳು.

"ಮೂರೇನಾ? ಟೈಮಿಗ್ ಬಂದ್ನಲ್ಲಮ್ಮ!"

"ಐದ್ ಒತ್ತಿದ್ರೆ ಅದೇನೋ ಪಕ್ಷಪಾತ ಆಗಲ್ವೇನ್ಲಾ?"

ಖಂಡಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮ ನನ್ನ ಚರ್ಚಾಸ್ಪರ್ಧೆಯ ಕಪ್ಪೊಂದರಲ್ಲಿ ಬೂಸಾ ಮೊಗೆದು ಗೌರಿಯ ಮುಂದೆ ಸುರಿದಳು.